ಫ್ರಾವ್ ಕೆಲ್ಲರ್ ನಿನಗೆ ಹೇಳಿದ್ದು

ರೇಗನ್ಸ್‌ಬರ್ಗ್
23 ನವೆಂಬರ್ 2024

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ, ಬಿ.ಪಿ. ಮಾತ್ರೆ ತಪ್ಪದೆ ನುಂಗುತ್ತಿದ್ದೀಯಾ? ನೀನು ಕಣ್ಣು ಮುಚ್ಚಲಿಕ್ಕೇ ಹೆದರುತ್ತೀಯ, ದೇವರ ಮುಂದೆ ಕೂತರೂ ಕಣ್ಣು ಬಿಟ್ಟುಕೊಂಡೇ ಇರುತ್ತೀಯ ಎಂದು ಚಿಕ್ಕಮ್ಮ ಹೇಳಿದರು. ನಾನು ಫೋನ್ ಮಾಡಿದರೆ ಮಾತ್ರ ನೀನು ಎತ್ತುವುದಿಲ್ಲ. ಅದಕ್ಕೇ ಈ ಕಾಗದ. ಅಕ್ಷರ ಕೋಳಿಕಾಲು ಎಂದು ಬೈಯಬೇಡ, ಕನ್ನಡವನ್ನು ಕೈಯಲ್ಲಿ ಬರೆದು ಎಷ್ಟೋ ವರ್ಷವಾಯಿತು.

ಆ ದಿನವನ್ನು ನೆನಪಿಸಲು ಮನಸ್ಸಿಲ್ಲ. ನನ್ನನ್ನು ನೋಡಲೆಂದು ಬಂದ ಅಪ್ಪ ಇಲ್ಲಿನ ಬಸ್‌ಸ್ಟಾಪಿನಲ್ಲಿ ನಿನ್ನ ಭುಜಕ್ಕೆ ಒರಗಿಕೊಂಡೇ ಹೋಗಿಬಿಟ್ಟರು. ನೀನು ಕನ್ನಡದಲ್ಲಿ ಕೂಗುತ್ತಿದ್ದೆ, ಜನ ಜರ್ಮನ್‌ನಲ್ಲಿ ಏನೋ ಕೇಳುತ್ತಿದ್ದರು. ಆಮೇಲೆ ನೀನು ಊಟ ಬಿಟ್ಟು ದಿನವೂ ಅಲ್ಲೇ ಹೋಗಿ ಕೂರತೊಡಗಿದೆ. ನಿನ್ನ ವೀಸಾ ಮುಗಿಯಲು ಐದು ವಾರವಿತ್ತು. ಅಷ್ಟರಲ್ಲಿ ನಿನ್ನನ್ನು ಸರಿ ಮಾಡಿಯೇ ಕಳಿಸುತ್ತೇನೆ ಎಂಬ ಹಟ ನನಗೆ. ಫ್ಯಾಕ್ಟರಿಯಲ್ಲಿ ಕೆಟ್ಟ ಮೆಷಿನ್‌ಗಳಿಗೆ ಡೆಡ್‌ಲೈನ್ ಹಾಕುವವಳಲ್ಲವೇ ನಾನು.

ನಾನು ನಿನ್ನನ್ನು ಕರೆದೊಯ್ದ ಮನೋಚಿಕಿತ್ಸಕಿ ಫ್ರಾವ್ ಕೆಲ್ಲರ್‌ಗೆ ಕನ್ನಡ ಬಾರದು, ನಿನಗೆ ಜರ್ಮನ್ ಬಾರದು. ಮಧ್ಯೆ ಕೂತವಳು ನಾನು. ಮನಸ್ಸಿನ ಚಿಕಿತ್ಸೆ ಹೇಗೆ ನಡೆಯುತ್ತದೆಂದು ಮೊದಲ ದಿನ ಆಕೆ ಅರ್ಧ ಗಂಟೆ ವಿವರಿಸಿದರು. ಆಗುವುದನ್ನೆಲ್ಲ ಮೊದಲೇ ತಿಳಿಸಿ ಒಪ್ಪಿಗೆ ಪಡೆಯದೆ ಇಲ್ಲಿ ಯಾರೂ ಶುರು ಮಾಡುವ ಹಾಗಿಲ್ಲ. ನಾನು ನಿನಗೆ ಹೇಳಿದ್ದಿಷ್ಟು: "ಮನಸ್ಸಲ್ಲಿರೋದನ್ನ ಮಾತಾಡಿದ್ರೆ ಹಗುರ ಆಗುತ್ತಂತೆ. ಇಲ್ಲಿ ಸೈನ್ ಮಾಡಮ್ಮ." ನೀನು ನನ್ನ ಮುಖ ನೋಡಿ, "ಅಷ್ಟೊತ್ತು ಹೇಳಿದ್ದು ಇಷ್ಟೇನಾ?" ಅಂದೆ. ಇಷ್ಟೇ ಅಲ್ಲಮ್ಮ, ಆಕೆ ಹೇಳಿದ್ದು ಇನ್ನೂ ಇತ್ತು. ಆ ಗಳಿಗೆ ಈಗಲೇ ನಡೆಯುತ್ತಿದೆ ಅನ್ನುವಂತೆ ಕಣ್ಣು ಮುಚ್ಚಿಸಿ ಮತ್ತೆ ಮತ್ತೆ ಹೇಳಿಸುತ್ತೇವೆ, ಮೊದಮೊದಲು ಸಂಕಟ ಹೆಚ್ಚುತ್ತದೆ, ಹೋದವರ ಸದ್ದು ಕೂಡ ಕೇಳಿದಂತಾಗಬಹುದು, ಹೆದರಬೇಡಿ, ಬರಬರುತ್ತಾ ಇಳಿಯುತ್ತದೆ ಎಂದಿದ್ದರು. ಇದನ್ನೆಲ್ಲ ಕೇಳಿದರೆ ನೀನು ಒಪ್ಪುವುದೇ ಇಲ್ಲವೆಂದು ನಾನು ನುಂಗಿಕೊಂಡೆ.

ನಿಮ್ಮ ಗಂಡನನ್ನು ಹೆಸರು ಹಿಡಿದು ಹೇಳಿ ಎಂದು ಆಕೆ ಕೇಳಿದರು. ನಲವತ್ತು ವರ್ಷ ಬಾಯಲ್ಲಿ ತರದ ಅಪ್ಪನ ಹೆಸರನ್ನು, ದ್ವಾರಕನಾಥ ಎಂದು, ಮೊದಲ ಸಲ ಅಲ್ಲಿ ಹೇಳಿದೆ. ಮಾರನೆಯ ಬೆಳಿಗ್ಗೆ ಬಾತ್‌ರೂಮಿನಿಂದ ಅವರ ಕೆಮ್ಮು ಕೇಳಿತು ಎಂದೆ. ಎರಡು ಲೋಟ ಕಾಫಿ ಮಾಡಿಟ್ಟು ಅಳುತ್ತಾ, "ಹೆಸರು ಹಿಡಿದು ಕರೆದೆ, ಬಂದ್ರು. ಈಗ ನಾನು ಬಿಟ್ಟು ಹೋದ್ರೆ ಭಾಷೆ ಬರದ ಊರಲ್ಲಿ ಅವರ ಗತಿ ಏನೇ?" ಅಂದೆ. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬದಲಿಗೆ ಎಲ್ಲ ನಿನ್ನ ಭ್ರಮೆ ಎಂದು ರೇಗಿ ನಿನ್ನನ್ನು ನಾಲ್ಕನೇ ಸಲಕ್ಕೆ ಕರೆದುಕೊಂಡು ಹೋದೆ. ಅಲ್ಲಿಂದ ಬಂದವಳೇ ನೀನು ಸೂಟ್‌ಕೇಸ್ ತುಂಬಿಕೊಂಡೆ.

ನೀನು ಹೋದ ಮೇಲೆ ಆ ಕೆಮ್ಮು ನನಗೂ ಕೇಳುತ್ತಿದೆ. ಯಾಕೆ ಕೇಳುತ್ತದೆಂದು ನನಗೆ ಗೊತ್ತು, ಆದರೂ ಬಾತ್‌ರೂಮಿನ ಬಾಗಿಲು ತೆರೆಯಲು ಕೈ ಬರುವುದಿಲ್ಲ. ಗೊತ್ತಿದ್ದವಳಿಗೇ ಹೀಗಾದರೆ ಏನೂ ತಿಳಿಯದ ನೀನು ಹೇಗೆ ತಾಳಿಕೊಂಡೆಯೋ. ಅಪ್ಪನನ್ನು ನೀನು ಕರೆಸಲಿಲ್ಲ, ಇಲ್ಲಿ ಬಿಟ್ಟೂ ಹೋಗಲಿಲ್ಲ. ಚಿಕಿತ್ಸೆ ಅರ್ಧಕ್ಕೆ ನಿಂತಿದೆ, ಅಷ್ಟೆ. ಮೈಸೂರಿನಲ್ಲಿ ಕನ್ನಡದಲ್ಲೇ ಇದನ್ನು ಮಾಡುವ ಒಬ್ಬ ಡಾಕ್ಟರ ವಿಳಾಸ ಜೊತೆಗಿಟ್ಟಿದ್ದೇನೆ. ಎಲ್ಲವನ್ನೂ ಅವರ ಬಾಯಿಂದಲೇ ಕೇಳಿ ತಿಳಿದುಕೋ, ಬೇಕೆನಿಸಿದರೆ ಮಾತ್ರ ಮುಂದೆ ಹೋಗು.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಕಾಲು ಮುಟ್ಟಲು ಇಲ್ಲಿಂದ ಆಗದು, ಕಾಗದದಲ್ಲೇ ಮುಟ್ಟಿದ್ದೇನೆ.

ನಿನ್ನ ಮಗಳು,
ರಚನಾ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ತಡೆಯಲಾಗದಿದ್ದರೆ ಯಾವಾಗ ಬೇಕಾದರೂ ಸಾಕು ಎನ್ನಿ, ಆ ಕ್ಷಣವೇ ನಿಲ್ಲಿಸುತ್ತೇನೆ ಎಂದೂ ಫ್ರಾವ್ ಕೆಲ್ಲರ್ ಮೊದಲ ದಿನ ಹೇಳಿದ್ದರು. ಅದನ್ನೂ ನಾನು ನಿನಗೆ ತಿಳಿಸಲಿಲ್ಲ. ಕೊನೆಯ ದಿನ ನೀನು ನನ್ನ ಕೈ ಹಿಡಿದು, "ಸಾಕು ಕಣೇ, ಸಾಕು" ಅಂದೆಯಲ್ಲ, ಏನಂದರು ಎಂದು ಆಕೆ ನನ್ನನ್ನು ಕೇಳಿದರು. ನೀರು ಬೇಕಂತೆ ಎಂದೆ. ಅವರು ತಂದುಕೊಟ್ಟ ನೀರು ಕುಡಿದು ನೀನು ಮತ್ತೆ ಹೇಳತೊಡಗಿದೆ.