ಉತ್ತರ ಧ್ರುವದ ಕರಿಬೆಟ್ಟ

೮ ಫೆಬ್ರವರಿ, ಭಾನುವಾರ

ದೇವನಹಳ್ಳಿಯ ಹೋಟೆಲಿಗೆ ನನ್ನನ್ನು ನೋಡಲು ಬಂದಿದ್ದ ಹುಡುಗನ ಮುಖವೇ ನೆನಪಾಗುತ್ತಿಲ್ಲ. ಅಲ್ಲಿನ ಗೋಡೆಯ ಮೇಲಿದ್ದ ಹಳೆಯ ನಕ್ಷೆ ತಲೆ ಕೊರೆಯುತ್ತಿದೆ. ಉತ್ತರ ಧ್ರುವದ ನಟ್ಟನಡುವೆ ಒಂದು ಕರಿಬೆಟ್ಟ, ಸುತ್ತ ನಾಲ್ಕು ದ್ವೀಪ. ನಿಜವಾಗಿ ಅಲ್ಲಿ ಬೆಟ್ಟವೇ ಇಲ್ಲವಂತೆ. ನಕ್ಷೆ ಬರೆದವನು ಅಲ್ಲಿಗೆ ಹೋಗಿರಲಿಲ್ಲ, ಯಾರೋ ಹೇಳಿದ್ದನ್ನು ಬರೆದನಂತೆ.

ಸಂಬಂಧ ತಂದ ಅಪ್ಪಯ್ಯಣ್ಣ ಮಾವ ಹುಡುಗನ ಮನೆಯನ್ನು ತೊಟ್ಟಿ, ಬಾವಿ ಸಮೇತ ಬಣ್ಣಿಸಿದರು.

“ನೀವು ನೋಡಿದ್ದೀರಾ ಮಾವ?”

“ನನ್ ಮಗ ಬೈರೇಶ ನೋಡವ್ನೆ ಕಣಮ್ಮ.”

ಬೈರೇಶನಿಗೆ ಫೋನ್ ಮಾಡಿದೆ.

“ನಾನೆಲ್ಲೇ ನೋಡ್ದೆ? ಅಪ್ಪನೇ ಹೇಳಿದ್ದು ನಂಗೆ!”

ನಾಳೆ ದೊಡ್ಡವರೆಲ್ಲ ನಮ್ಮ ಕಾರಿನಲ್ಲಿ ಆ ಮನೆ ನೋಡಲು ಹೊರಟಿದ್ದಾರೆ. ಮದುವೆಗೆ ಮೊದಲು ಹುಡುಗಿ ಹೋಗುವ ಪದ್ಧತಿ ಇಲ್ಲ ಎಂದಳು ಅಮ್ಮ. ಆ ಪದ್ಧತಿಯನ್ನೂ ಯಾರು ಹೇಳಿದ್ದೋ.

ಕಾರಿನ ಕೀ ನನ್ನ ದಿಂಬಿನ ಕೆಳಗಿದೆ.