ಮೊಸಳಿ ತವರಿಗೆ ಹೊಂಟಿತ್ತು

ರಾರಾವಿ
೧೪-೮-೧೯೭೪

ಕುರುಗೋಡಿನ ಅವ್ವಗ ಸುಂಕಮ್ಮನ ಶರಣು.

ನಿಮ್ಮ ಮೊಮ್ಮಗಳು ಚನ್ನಿ ಉಣ್ಣತಾಳ, ಸಾಲಿಗೆ ಹೋಗತಾಳ. ನನ್ನ ಮಾತ್ರ ಇನ್ನೂ ಏನಂತಲೂ ಕರಿಯಂಗಿಲ್ಲ.

ಮದುವ್ಯಾಗ ನನಗ ಉಡಿ ತುಂಬುವಾಗ ನೀವು, ‘ಮೊಸಳಿ ಪುಸ್ತಕ ಓದಿ ಹೇಳು, ಆಕಿಗೆ ಅದಂದ್ರ ಜೀವ’ ಅಂದಿದ್ರಿ. ತಗದು ನೋಡಿದ್ರ ಅದು ತೆಲುಗು ಪುಸ್ತಕ. ನಾನು ಆದೋನಿಯಾಕಿ, ತೆಲುಗು ಬರತೈತಿ, ಓದಿ ಕನ್ನಡದಾಗ ಹೇಳಿದೆ. ಮೊಸಳಿ ಬಾತುಕೋಳಿ ಹಿಡಿಯಾಕ ಬಂತು ಅಂದ ಕೂಡಲೆ ಚನ್ನಿ ಪುಸ್ತಕ ಕಸಗೊಂಡ್ಲು. ‘ಸುಳ್ಳು. ಅದು ತವರಿಗೆ ಹೊಂಟೈತಿ’ ಅಂದ್ಲು.

ಚನ್ನಿನ ಹಡೆದು ತೀರಿಹೋದ ಅಕ್ಕಗ ತೆಲುಗು ಓದಾಕ ಬರತಿರಲಿಲ್ಲಂತ. ಚಿತ್ರ ನೋಡಿ ತಾನ ಕಥಿ ಕಟ್ಟತಿದ್ಲಂತ. ಇವರು ಆಮ್ಯಾಲೆ ಹೇಳಿದ್ರು. ಅವತ್ತಿಂದ ನನಗ ಕುಂತಲ್ಲಿ ಕುಂದರಾಕ ಆಗವಲ್ದು.

ನಿನ್ನೆ ಅಕ್ಷರದ ಮ್ಯಾಲೆ ಕೈ ಮುಚ್ಚಿ, ‘ನೀನ ಹೇಳವ್ವ’ ಅಂದೆ. ಹೇಳಿದ್ಲು. ನಡುವಿನ ಪುಟಕ್ಕ ಬಂದು ಬೆರಳಿಟ್ಟು ನಿಲ್ಲಿಸಿದ್ಲು.

‘ಇಲ್ಲಿ ಅವ್ವಗ ನಿದ್ದಿ ಬರತಿತ್ತು. ಮುಂದಿಂದು ಹೇಳೇ ಇಲ್ಲ.’

ಬ್ಯಾರೆ ಪುಸ್ತಕ ಕಳಸಬ್ಯಾಡ್ರಿ. ಆದ್ರ ಒಂದೆರಡು ದಿನದ ಮಟ್ಟಿಗೆ ನೀವು ಬರ್ರಿ. ಇಲ್ಲಾಂದ್ರ ಒಂದು ಕಾರ್ಡಾದ್ರೂ ಹಾಕಸ್ರಿ. ಮುಂದಿನ ಪುಟದಾಗ ಮೊಸಳಿ ತವರು ಮುಟ್ಟಿತು ಅಂತ ನಾನು ಹೇಳಬಹುದಾ?

ನಿಮ್ಮ ಮಗಳ ಜಾಗಕ್ಕ ಬಂದಾಕಿ,
ಸುಂಕಮ್ಮ