ಏರಿಕೆಯ ಹುಗ್ಗಿ

೩೦ ಡಿಸೆಂಬರ್ ೧೯೬೧, ಶನಿವಾರ. ಸಂಜೆ. ಶಿರಸಿ

ಪಗಾರ ತಂದೆ. ಬರುವಾಗ ಬಸವನ ಬೀದಿಯಲ್ಲಿ ಚಹಾಪುಡಿ, ಸೀಮೆಎಣ್ಣೆ. ಎಂದಿನಂತೆ.

ಇನ್ನೂರು. ಹೋದ ಡಿಸೆಂಬರಿನಲ್ಲೂ ಇನ್ನೂರು, ಬರುವ ಡಿಸೆಂಬರಿನಲ್ಲೂ ಇನ್ನೂರೇ. ನನ್ನ ಸ್ಕೇಲು ಮುಗಿದಿದೆ. ಮ್ಯಾಕ್ಸಿಮಮ್. ನಮ್ಮ ಸ್ಟಾಫ್‌ರೂಮಿನ ಭಾಷೆಯಲ್ಲಿ ‘ದಡ ಸೇರಿದವರು’. ವಯಸ್ಸು ನಲವತ್ತೆಂಟು. ರಿಟೈರ್ ಆಗಲು ಇನ್ನೂ ಹತ್ತು ವರ್ಷ.

ಒಂದು ವರ್ಷದಿಂದ ಗೊತ್ತಿದ್ದ ವಿಷಯ. ಆದರೂ ಇಂದು ಸಹಿ ಹಾಕುವಾಗ ಕಣ್ಣು ಸುಮ್ಮನೆ ಮೇಲಿನ ಸಾಲಿಗೆ ಹೋಯಿತು, ಏನೋ ಬದಲಾಗಿರಬಹುದೆಂದು.

ಚಿಗವ್ವನಿಗೆ ಹೇಳಿಲ್ಲ. ಓದು ಬಾರದಿದ್ದರೂ ನನ್ನ ಇನ್ಕ್ರಿಮೆಂಟಿನ ತಿಂಗಳು ಅವಳಿಗೆ ಬಾಯಿಪಾಠ. ಊಟಕ್ಕೆ ಕುಳಿತಾಗ ಕೇಳಿದಳು— “ಏರಿಕಿ ಬಂತಿಲ್ಲೊ?”

“ಹೂಂ” ಎಂದೆ. ಯಾಕೆ ಎಂದೆನೋ.

೨ ಜನವರಿ ೧೯೬೨, ಮಂಗಳವಾರ

ಇಂದಿನ ಫಜೀತಿ ಬರೆದಿಡಲೇಬೇಕು.

ಮಧ್ಯಾಹ್ನದ ಸೂಟಿ. ಶಾಲೆಯ ಶಿಪಾಯಿ ಕೆರಿಯ, ತಲೆಯ ಮೇಲೆ ನಮ್ಮ ಮನೆಯ ತಾಮ್ರದ ಪಾತ್ರೆ ಹೊತ್ತು ಸ್ಟಾಫ್‌ರೂಮಿನ ಬಾಗಿಲಲ್ಲಿ.

“ಅಕ್ಕೋರೆ, ಅಜ್ಜಿ ಕೊಟ್ರು. ದಾರಿ ಮೇಲೆ ಎಲ್ರೂ ‘ಎಂತದಾ, ಎಂತದಾ’ ಕೇಳ್ತ್ರು. ನಾ ಮುಚ್ಚಳ ತೆಗೀಲಿಲ್ಲ. ವಾಸನೆ ಮಾತ್ರ ತಡೀಲಿಕ್ಕೆ ಆಗ್ಲಿಲ್ಲ.”

ಗೋಧಿ ಹುಗ್ಗಿ. ಬೆಲ್ಲ, ಗಸಗಸೆ, ಕುಮಟೆಯ ಗೋಡಂಬಿ. ನಮ್ಮ ಶಾಲೆಯಲ್ಲಿ ಯಾರಿಗೆ ಇನ್ಕ್ರಿಮೆಂಟ್ ಬಂದರೂ ಆ ತಿಂಗಳ ಚಹಾ-ಫಳಾರ ಅವರದು. ಉಳಿದವರದು ಹೋಟೆಲಿನ ಅವಲಕ್ಕಿ. ನನ್ನದು ಮಾತ್ರ ಮನೆಯ ಹುಗ್ಗಿ. ಡಿಸೆಂಬರಿಗಾಗಿ ಎಲ್ಲರೂ ಕಾಯುತ್ತಾರೆ.

“ಎಷ್ಟು ಏರ್ತು ಈ ಸಲ?” ಎಂದು ಯಾರೋ ಕೇಳಿದರು. ಏರಿಲ್ಲ ಎನ್ನಲು ಬಾಯಿ ಬರಲಿಲ್ಲ. ಪಾತ್ರೆಯ ಮುಂದೆ ನಿಂತು ಬಡಿಸುತ್ತ ಹೋದೆ. ಪಗಾರದ ಬಿಲ್ಲು ಬರೆಯುವವರು ಹೆಡ್‌ಮಾಸ್ತರ ವೆಂಕಟ್ರಮಣ ರಾಯರು. ಅವರಿಗಷ್ಟೇ ಸತ್ಯ ಗೊತ್ತು. ಬಟ್ಟಲು ಹಿಡಿದು ನನ್ನ ಮುಖ ನೋಡಿದರು. ಎರಡನೆಯ ಸಲ ಬಂದಾಗ ಮೆಲ್ಲಗೆ— “ಬಿಲ್ಲಲ್ಲಿ ಇಲ್ದೇ ಇದ್ದದ್ದು ಪಾತ್ರೆಯಲ್ಲಿ ಬಂತಲ್ಲ, ನೀಲಾಬಾಯಿ. ಇನ್ನೊಂಚೂರು ಹಾಕಿ.”

ಸೀತಾ ಮೂಲೆಯಲ್ಲಿ ಕುಳಿತಿದ್ದಳು. ಮತ್ತಿಘಟ್ಟದ ಹವ್ಯಕರ ಹುಡುಗಿ. ಜೂನ್‌ನಲ್ಲಿ ಬಂದವಳು, ಇಪ್ಪತ್ತೆರಡು, ಹೊಸ ಬಿ.ಎ. ಹೆರಿಗೆಯ ರಜೆ, ಕಾಯಿಲೆಯ ರಜೆ ಎಂದು ಯಾರದೋ ಜಾಗದಲ್ಲಿ ಕನ್ನಡ ಕಲಿಸುತ್ತಿದ್ದಾಳೆ. ಬಟ್ಟಲನ್ನು ಹಿಡಿದು ಅತ್ತಿತ್ತ ನೋಡಿದಳು. ಅವರ ಮನೆಯವರು ನಮ್ಮ ಕೈಯಡುಗೆ ಉಣ್ಣುವುದಿಲ್ಲ. ಗೊತ್ತಿದೆ, ಒತ್ತಾಯ ಮಾಡಲಿಲ್ಲ. ಒಂದು ಚಮಚ. ಆಮೇಲೆ ತಳ ಕಾಣುವ ತನಕ ತಿಂದಳು.

“ಮನೇಲಿ ಹೇಳೂದಿಲ್ಲ ಅಕ್ಕೋರೆ” ಎಂದಳು.

“ಹೇಳಬೇಡ, ತಿನ್ನು.”

ರಾತ್ರಿ ಚಿಗವ್ವನಿಗೆ ನಿಜ ಹೇಳಿದೆ. ಮೊದಲು ನಕ್ಕಳು— “ಹಂಗಾರ ಸಾಲಿ ಮಂದಿ ಎಲ್ಲಾ ಸುಳ್ಳು ಹುಗ್ಗಿ ತಿಂದ್ರು ಅನ್ನು!” ನಕ್ಕು ನಕ್ಕು ಕೆಮ್ಮು ಬಂತು. ನೀರು ಕುಡಿದಳು. ಆಮೇಲೆ ತಟ್ಟೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ—

“ಅಂದರ ಇನ್ನ ಮುಂದ ಹುಗ್ಗಿ ಇಲ್ಲ?”

೫ ಜನವರಿ

ನಿದ್ದೆಯಿಲ್ಲ ಎಂದೇನಲ್ಲ. ಹಳೆಯದು ಮಾತ್ರ ಒಂದೊಂದಾಗಿ ಬರುತ್ತಿದೆ.

ಸಿದ್ದಾಪುರ, ೧೯೩೮. ಮೊದಲ ನೌಕರಿ, ನಲವತ್ತೈದು ರೂಪಾಯಿ. ಒಂಟಿ ಹೆಣ್ಣಿಗೆ ಬಾಡಿಗೆ ಮನೆ ಕೊಡುವುದಿಲ್ಲ ಎಂದರು. ಬನವಾಸಿಯಿಂದ ಚಿಗವ್ವ ಬಂದಳು, ಅವ್ವನ ತಂಗಿ ಮುರಿಗೆವ್ವ, ಗಂಡ ತೀರಿ ಆಗಲೇ ಹತ್ತು ವರ್ಷವಾದವಳು. ಒಂದು ಟ್ರಂಕು, ಒಂದು ತಾಮ್ರದ ಪಾತ್ರೆ. ಮರುವರ್ಷ ಮೂರು ರೂಪಾಯಿ ಏರಿತು. ಮೂರು! ಕಾನಸೂರಿನ ತನಕ ಓಡಿ ಬರಬೇಕೆನಿಸಿತ್ತು. ಆ ದಿನವೇ ಅವಳ ಕಾನೂನು ಹೊರಬಿತ್ತು— “ಏರಿದ್ದನ್ನ ಒಬ್ಬಾಕಿನ ತಿಂದರ ಮುಂದಿನ ವರ್ಷ ಏರೂದಿಲ್ಲ. ಮೊದಲನೇ ತಿಂಗಳಿಂದು ಮಂದಿ ಬಾಯಿಗೆ ಹೋಗಬೇಕು.”

ನನ್ನ ಪಗಾರದ ಚರಿತ್ರೆ ಆ ಪಾತ್ರೆಯಲ್ಲಿದೆ. ಮೊದಲ ವರ್ಷ ಗೋಡಂಬಿ ಇಲ್ಲ. ಯುದ್ಧದ ವರ್ಷಗಳಲ್ಲಿ ಗೋಧಿಯೇ ಇಲ್ಲ. ಜೋಳದ ನುಚ್ಚು, ರೇಶನ್ನಿನ ಬೆಲ್ಲ. ಮನೆಯಲ್ಲೇ ಓದಿ ಎಂ.ಎ. ಪಾಸಾದ ವರ್ಷ ಶಿರಸಿಗೆ ಬಂದೆ, ಎಪ್ಪತ್ತರ ಸ್ಕೇಲು. ಆಗ ತುಪ್ಪ ಮೇಲೆ ತೇಲಿತು. ತಮ್ಮ ಮಡಿವಾಳಪ್ಪ ಧಾರವಾಡದಲ್ಲಿ ಓದುವಾಗ ಮತ್ತೆ ತೆಳ್ಳಗಾಯಿತು. ಐವತ್ತಾರರಲ್ಲಿ ರಾಜ್ಯ ಬದಲಾಯಿತು. ಮುಂಬಯಿಯ ಕಾಗದ ಹೋಗಿ ಮೈಸೂರಿನ ಕಾಗದ ಬಂತು, ಹುಗ್ಗಿ ಬದಲಾಗಲಿಲ್ಲ.

ಇ.ಬಿ., ಆ ಎಫಿಶಿಯನ್ಸಿ ಬಾರ್, ದಾಟಿದ ವರ್ಷ ಮರೆಯಲಾರೆ. ಪಗಾರ ನೂರರವತ್ತಕ್ಕೆ ಬಂದು ನಿಂತಿತ್ತು. ಇನ್‌ಸ್ಪೆಕ್ಟರು ಪಾಠ ನೋಡಿ ‘ದಕ್ಷರು’ ಎಂದು ಬರೆದರೆ ಮಾತ್ರ ಮುಂದಕ್ಕೆ. ಹಿಂದಿನ ಬೆಂಚಿನಲ್ಲಿ ಕುಳಿತರು. ಹಳಗನ್ನಡದ ಪದ್ಯ, ರಾಜ್ಯ ಬಿಟ್ಟು ಹೊರಟ ರಾಣಿಯ ಸಂದರ್ಭ. ಎರಡನೆಯ ಸಾಲಿಗೆ ಅವರು ಇರುವುದೇ ಮರೆತುಹೋಯಿತು. ಗಂಟೆ ಹೊಡೆದ ಮೇಲೂ ಎದ್ದಿರಲಿಲ್ಲ ಆ ಮನುಷ್ಯ. ಆ ವರ್ಷ ಎಂಟು ರೂಪಾಯಿ ಏರಿತು. ಆಮೇಲಿನ ಎಂಟುಗಳು ಒಂದೂ ಪ್ರತ್ಯೇಕವಾಗಿ ನೆನಪಿಲ್ಲ. ಮೊದಲ ಮೂರು ರೂಪಾಯಿ ಮಾತ್ರ ಇದೆ, ಆ ಸಂಜೆಯ ಬಿಸಿಲಿನ ಸಮೇತ.

ಊರಿನ ಮನೆ ಸೇರಿ ಉಣ್ಣುವ ಬಾಯಿ ಆರಿದ್ದಾಗ ಐವತ್ತು. ಎರಡೇ ಉಳಿದಾಗ ಇನ್ನೂರು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದೆ ಚಿಗವ್ವನಿಗೆ. ಬೊಚ್ಚುಬಾಯಿ ತೆರೆದು ತೋರಿಸಿದಳು— “ಅದಕ್ಕಽ ನಾ ಕಡ್ಲಿ ಬಿಟ್ಟು ಹುಗ್ಗಿ ಹಿಡದದ್ದು!”

೧೩ ಜನವರಿ, ಶನಿವಾರ

ರಾಯರು ಕರೆದರು. ಯಲ್ಲಾಪುರದಲ್ಲಿ ನಮ್ಮ ಶಾಲೆ ನಡೆಸುವ ಮಂಡಳಿಯವರು ಜೂನ್‌ನಿಂದ ಹುಡುಗಿಯರ ಹೈಸ್ಕೂಲು ತೆಗೆಯುತ್ತಾರೆ. ಹೆಡ್‌ಮಿಸ್ಟ್ರೆಸ್ ಆಗಿ ನಾನು. ಹೊಸ ಸ್ಕೇಲು, ಇನ್ನೂರಿಪ್ಪತ್ತರಿಂದ ಸುರು, ವರ್ಷಕ್ಕೆ ಹತ್ತು. ಮತ್ತೆ ಏರಿಕೆ, ರಿಟೈರ್ ಆಗುವ ತನಕ.

“ಪಾಠ?” ಎಂದೆ.

“ಸುರುವಿಗೆ ಎಂಟನೇ ಇಯತ್ತೆ ಒಂದೇ. ನಿಮ್ಗೆ ಪಾಠಕ್ಕೆ ವೇಳೆ ಸಿಕ್ಕೂದಿಲ್ಲ ಬಾಯಿ. ಬಿಲ್ಲು, ರಿಪೋರ್ಟು, ಕಟ್ಟಡದ ಹಂಚು, ಸುಣ್ಣ. ನನ್ನ ನೋಡ್ತೀರಲ್ಲ, ಗಣಿತ ಕಲಿಸಿ ಆರು ವರ್ಷ ಆಯ್ತು.”

ಅಂದರೆ ನನ್ನ ಹನ್ನೊಂದನೆಯ ಇಯತ್ತೆಯ ತರಗತಿ ಇಲ್ಲ. ಪದ್ಯ ಇಲ್ಲ.

ಏಳುವಾಗ ಇನ್ನೊಂದು ಮಾತು ಹೇಳಿದರು. ಶಾಲೆಯಲ್ಲಿ ಖಾಯಂ ಕನ್ನಡದ ಜಾಗ ಇನ್ನು ಒಂದೇ ಇರುವುದು, ನನ್ನದು. ನಾನು ಹೋದರೆ ಅದು ಸೀತಾಗೆ. ಹೋಗದಿದ್ದರೆ ಏಪ್ರಿಲ್‌ಗೆ ಅವಳ ನೌಕರಿ ಮುಗಿಯಿತು.

“ಅವ್ಳಿಗೆ ಹೇಳ್ಲಿಲ್ಲ. ನೀವೂ ಹೇಳ್ಬೇಡಿ. ಹೇಳಿದ್ರೆ ನಿಮ್ಮ ತಲೆ ಮೇಲೆ ಅವಳನ್ನ ಕೂರಿಸಿದ ಹಾಗೆ ಆಗ್ತದೆ. ಮಾರ್ಚ್ ಹತ್ತರ ಒಳಗೆ ಉತ್ತರ ಕೊಡಿ ಸಾಕು.”

ಹೇಳದೆಯೂ ಕೂರಿಸಿದರಲ್ಲ!

ಚಿಗವ್ವನಿಗೆ ಹೇಳಿದೆ. ಹುಗ್ಗಿಯ ಮಾತು ಎತ್ತಲಿಲ್ಲ ಅವಳು. “ಯಲ್ಲಾಪುರದಾಗ ಗೋಧಿ ಸಿಗ್ತೈತೇನು?” ಎಂದಷ್ಟೇ ಕೇಳಿದಳು.

೧೧ ಫೆಬ್ರವರಿ, ರವಿವಾರ

ಬೆಳಿಗ್ಗೆಯಿಂದ ಇಲೆಕ್ಷನ್ನಿನ ಜೀಪುಗಳು. ನಾಲ್ಕು ಗಂಟೆಗೆ ಸೀತಾ ಮತ್ತು ಅವಳ ತಂದೆ ರಘುಪತಿ ಹೆಗಡೆಯವರು. ಜಗಲಿಯ ಮೇಲೆ ಕುಳಿತರು. ಬೆಲ್ಲ-ನೀರು ಕೊಟ್ಟೆ, ಬೆಲ್ಲ ಮಾತ್ರ ತೆಗೆದುಕೊಂಡರು.

“ಅಕ್ಕೋರೆ, ನಿಮ್ಮ ಹತ್ರ ಕೇಳೂದು ಅಂತ ಬಂದೆ. ಇವಳ ನೌಕ್ರಿ ಖಾಯಂ ಆಗ್ತದಾ?”

“ಅಪ್ಪಯ್ಯ, ಅಕ್ಕೋರ ಹತ್ರ ಎಂತಕ್ಕೆ ಅದೆಲ್ಲ ಕೇಳ್ತೆ?”

“ನೀ ಸುಮ್ನಿರೆ ಕೂಸೆ. ಕೇಳದ್ದೇ ಹೋದ್ರೆ ಎಂತ ಗೊತ್ತಾಗ್ತು?” ನನ್ನ ಕಡೆ ತಿರುಗಿ— “ಯಲುಗಾರದ ಕಡೆಯಿಂದ ಒಂದು ಸಂಬಂಧ ಬಂದದೆ. ನೌಕ್ರಿ ಖಾಯಂ ಇದ್ರೆ ಮದುವೆ ಸಾವಕಾಶ ಮಾಡುವಾ. ಇಲ್ಲೆ ಅಂದ್ರೆ ಏಪ್ರಿಲ್‌ಗೆ ಕರ್ಕಂಡು ಹೋಗಿ ಮೇ ಒಳಗೆ ಮುಗಿಸೂದು. ತಪ್ಪಾ ಹೇಳಿ?”

ತಪ್ಪಲ್ಲ. ಕೆಟ್ಟ ಮನುಷ್ಯನೂ ಅಲ್ಲ. ಮಗಳನ್ನು ಬಿ.ಎ. ಓದಿಸಿದವರು.

ಸೀತಾ ಅಂಗಳದ ಕಡೆ ನೋಡುತ್ತ, ಮೆಲ್ಲಗೆ— “ಆನು ಬತ್ನಿಲ್ಲೆ ಅಪ್ಪಯ್ಯ.”

ಅಷ್ಟೇ. ತಾನು ಬರುವುದಿಲ್ಲವೆಂದು. ಜೀಪು ಇನ್ನೊಮ್ಮೆ ಕೂಗುತ್ತ ಹೋಯಿತು.

“ಮಾರ್ಚ್ ತಿಂಗಳಲ್ಲಿ ಗೊತ್ತಾಗ್ತದೆ” ಎಂದೆ. ನನ್ನ ದನಿ ನನಗೇ ಹೆಡ್‌ಮಾಸ್ತರರದಂತೆ ಕೇಳಿಸಿತು.

ಅವರು ಹೋದ ಮೇಲೆ ಬಹಳ ಹೊತ್ತು ಸಿಟ್ಟು. ಯಾರ ಮೇಲೆ? ಇಪ್ಪತ್ಮೂರು ವರ್ಷ ಕಲಿಸಿ ನನ್ನ ಹನ್ನೊಂದನೆಯ ಇಯತ್ತೆ ನನಗೇ ಇರಲಿ ಎಂದರೆ ಅದು ಸ್ವಾರ್ಥವೇ? ಆ ಕಿಟಕಿ, ಆ ಮೂರನೆಯ ಪಿರಿಯಡ್ಡು. ಅದಕ್ಕಾಗಿ ಅಲ್ಲವೆ ಇಷ್ಟು ದಿನ ಪಗಾರ ತೆಗೆದುಕೊಂಡದ್ದು?

೭ ಮಾರ್ಚ್, ಬುಧವಾರ

ಬೇಕೆಂದೇ ಮಾಡಿದೆ. ನೆಗಡಿ ಎಂದು ಹೇಳಿ ಮೂರನೆಯ ಪಿರಿಯಡ್ಡು ಸೀತಾಗೆ ಕೊಟ್ಟೆ. ಅದೇ ಪದ್ಯ, ರಾಣಿಯದು. ನಾನು ಪಕ್ಕದ ನಕಾಶೆಗಳ ಕೋಣೆಯಲ್ಲಿ.

ಒಳ್ಳೆಯದಾಗದಿರಲಿ ಎಂದು ಕಾದೆ. ಬರೆಯಲು ನಾಚಿಕೆ, ಆದರೆ ಹೌದು.

ಮೊದಲು ಸಂಧಿ ಬಿಡಿಸುವಾಗ ಒಂದು ಕಡೆ ತಪ್ಪಿದಳು, ಹುಡುಗನೊಬ್ಬ ತಿದ್ದಿದ, “ಹೌದಲ್ಲ, ನೀನೇ ಸರಿ” ಎಂದಳು. ಆಮೇಲೆ ರಾಣಿ ಹೊಸಿಲು ದಾಟುವ ಸಾಲು. ನಾನು ಯಾವಾಗಲೂ ಅಲ್ಲಿ ಓಡುತ್ತೇನೆ. ಮುಂದಿನ ವಿಲಾಪದಲ್ಲಿ ರಸವಿದೆ ಎಂದು. ಇವಳು ಹೊಸಿಲಲ್ಲೇ ನಿಂತಳು. “ಇಲ್ಲಿ ಅವಳು ತಿರುಗಿ ನೋಡಿದ್ಲು ಅಂತ ಕವಿ ಬರೀಲಿಲ್ಲ. ಯಾಕೆ?” ಒಬ್ಬ ಹುಡುಗಿ— “ನೋಡಿದ್ರೆ ಹೋಗ್ಲಿಕ್ಕೆ ಆಗ್ತಿರ್ಲಿಲ್ಲ.”

ಇಪ್ಪತ್ಮೂರು ವರ್ಷ. ಆ ಪ್ರಶ್ನೆಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ಗಂಟೆ ಹೊಡೆಯಿತು. ನಕಾಶೆಗಳ ನಡುವೆ ಇನ್ನೂ ಕುಳಿತಿದ್ದೆ. ಆ ಇನ್‌ಸ್ಪೆಕ್ಟರು ಎದ್ದಿರಲಿಲ್ಲವಲ್ಲ, ನೆನಪಾಯಿತು.

೯ ಮಾರ್ಚ್

ರಾಯರಿಗೆ ಹೂಂ ಎಂದೆ. “ಸೀತಾಗೋಸ್ಕರ?” ಎಂದರು.

“ಅಲ್ಲ, ಪದ್ಯಕ್ಕೋಸ್ಕರ.” ಅವರಿಗೆ ಅರ್ಥವಾಯಿತೋ ಇಲ್ಲವೋ.

ಕೊನೆಯ ಪಾಠ ಇನ್ನೂ ಇದೆ. ಅದರ ಬಗ್ಗೆ ಬರೆಯುವುದಿಲ್ಲ.

೧೭ ಜೂನ್ ೧೯೬೨. ಯಲ್ಲಾಪುರ

ಹಂಚು ಬಂದಿಲ್ಲ. ಬೆಂಚು ಬಂದಿದೆ, ಇಡಲು ಕೋಣೆಯಿಲ್ಲ. ಇಪ್ಪತ್ತೊಂದು ಹುಡುಗಿಯರು. ಪಾಠ ಮಾಡುವವರು ಇಬ್ಬರು, ಸಹಿ ಮಾಡುವವಳು ನಾನು.

ಲಾರಿಗಳು ಅರಬೈಲ್ ಘಾಟಿಗೆ ಇಳಿಯುವ ಸದ್ದು ಹಗಲೆಲ್ಲ. ಚಿಗವ್ವನಿಗೆ ಅದೇ ಮನರಂಜನೆ. “ಇದು ಹೊರಿ ಹೊತ್ತದ್ದು, ಇದು ಖಾಲಿ” ಎಂದು ಸದ್ದಿನಲ್ಲೇ ಹೇಳುತ್ತಾಳೆ.

ರಘುಪತಿ ಹೆಗಡೆಯವರು ಬಾಳೆಗೊನೆ ಕಳಿಸಿದ್ದಾರೆ. ಸೀತಾ ಖಾಯಂ ಆದಳು.

ಮೂರನೆಯ ಪಿರಿಯಡ್ಡಿನ ಹೊತ್ತಿಗೆ ಕೈ ಸುಮ್ಮನೆ ಪುಸ್ತಕ ಹುಡುಕುತ್ತದೆ.

೩೧ ಡಿಸೆಂಬರ್

ಡಿಸೆಂಬರು ಬಂತು, ಹೋಯಿತು. ನನ್ನ ಏರಿಕೆಯ ತಿಂಗಳು ಇನ್ನು ಜೂನ್. ಆದರೂ ಚಿಗವ್ವ ಹಳೆಯ ಲೆಕ್ಕದಲ್ಲಿ ಗೋಧಿ ನೆನೆಹಾಕಿದ್ದಳು. ರೇಡಿಯೋದಲ್ಲಿ ಚೀನಾ ಗಡಿಯ ಸುದ್ದಿ ಕೇಳಿ, ನೆನೆದ ಗೋಧಿಯನ್ನು ನೆರೆಮನೆಯ ದುರ್ಗಿಯ ಎಮ್ಮೆಗೆ ಹಾಕಿ ಬಂದಳು. “ಹುಡುಗೂರು ಬರಫದಾಗ ನಿಂತಾರ. ಈ ಸಲ ಬ್ಯಾಡ.” ಶಾಲೆಯಿಂದ ರಕ್ಷಣಾ ನಿಧಿಗೆ ಎಲ್ಲರೂ ಒಂದು ದಿನದ ಪಗಾರ ಕೊಟ್ಟೆವು.

ಎಂಟನೇ ಇಯತ್ತೆಗೆ ವಾರಕ್ಕೊಂದು ಪದ್ಯ ನಾನೇ ತೆಗೆದುಕೊಳ್ಳುತ್ತೇನೆ. ಚಿಕ್ಕ ಪದ್ಯಗಳು. ಚಿಕ್ಕ ಹುಡುಗಿಯರು. ಹೊಸಿಲಲ್ಲಿ ನಿಲ್ಲುವುದನ್ನು ಕಲಿಯುತ್ತಿದ್ದೇನೆ.

೩೦ ಜೂನ್ ೧೯೬೩, ರವಿವಾರ. ಸಂಜೆ ಆರು

ಆರು ತಿಂಗಳು ಇದರಲ್ಲಿ ಬರೆದಿಲ್ಲ. ಈಗಲೂ ಪುರಸೊತ್ತಿಲ್ಲ, ಆದರೂ ಇದೊಂದು.

ಶಿರಸಿ ಬಸ್ಸಿನ ಕಂಡಕ್ಟರು ಮನೆಗೇ ಬಂದರು. “ಅಕ್ಕೋರೆ, ನಿಮ್ಮ ಹಳೇ ಶಾಲೆಯ ಸೀತಾ ಅಕ್ಕೋರು ಕೊಟ್ಟದ್ದು. ಬಿಸಿ ಇರುವಾಗ್ಲೇ ಮುಟ್ಟಿಸ್ಬೇಕಂತೆ. ಮಂಚಿಕೇರಿಯಲ್ಲಿ ಅರ್ಧ ತಾಸು ಕೆಟ್ಟು ನಿಂತ್ವು, ನನ್ನ ತಪ್ಪಲ್ಲ.”

ಬಟ್ಟೆ ಸುತ್ತಿದ ಹಿತ್ತಾಳೆಯ ಡಬ್ಬಿ. ಬಿಚ್ಚುವ ಮೊದಲೇ ವಾಸನೆ. ಕೆರಿಯ ಹೇಳಿದ್ದು ನಿಜ, ಅದನ್ನು ತಡೆಯಲಾಗುವುದಿಲ್ಲ.

ನನ್ನ ಹತ್ತು ರೂಪಾಯಿಯ ಬಿಲ್ಲು ಇನ್ನೂ ಪಾಸಾಗಿ ಬಂದಿಲ್ಲ, ಆ ಗಡಿಬಿಡಿಯಲ್ಲಿ ಸೀತಾಳದು ಮರೆತೇ ಹೋಗಿತ್ತು. ಅವಳು ಖಾಯಂ ಆಗಿ ವರ್ಷವಾಯಿತು. ಮೊದಲ ಇನ್ಕ್ರಿಮೆಂಟು. ಗೋಧಿ ಹುಗ್ಗಿ ಅವರ ಮನೆಗಳಲ್ಲಿ ಮಾಡುವ ಅಡುಗೆಯೇ ಅಲ್ಲ. ಯಾರನ್ನು ಕೇಳಿದಳೋ.

“ಎಷ್ಟು ಏರೇತಿ ಆಕಿಗೆ?” ಚಿಗವ್ವ.

“ಐದು.”

“ಐದಕ್ಕ ಇಷ್ಟು ಗೋಡಂಬಿ? ದುಂದುಗಾರ್ತಿ!” ಬೆರಳಲ್ಲಿ ತೆಗೆದು ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. “ತಳಾ ಹತ್ತೇತಿ. ಬೆಲ್ಲಾ ಹೆಚ್ಚಾಗೇತಿ. ಗೋಧಿ ಸರಿ ಕುಟ್ಟಿಲ್ಲ.” ಮತ್ತೆ ಬೆರಳು. ಮತ್ತೆ. “ನಂದೂ ಮೊದಲನೇ ವರ್ಷ ಸಿದ್ದಾಪುರದಾಗ ತಳಾ ಹತ್ತಿತ್ತು, ನೆನಪೈತೇನು?”

ನೆನಪಿರಲಿಲ್ಲ. ಬಿಸಿಲು ನೆನಪಿತ್ತು, ಮೂರು ರೂಪಾಯಿ ನೆನಪಿತ್ತು, ಇದು ಹೇಗೆ ಬಿಟ್ಟುಹೋಯಿತು?

ನಾನಿನ್ನೂ ತಿಂದಿಲ್ಲ. ಮೊದಲು ಬರೆದುಬಿಡೋಣ ಎಂದು ಕುಳಿತೆ. ಒಳಗಿನಿಂದ ಚಮಚದ ಸದ್ದು— “ನೀಲಾ, ನೀ ಬರಕೋತ ಕುಂದ್ರು. ಇಲ್ಲಿ ಡಬ್ಬಿ ಖಾಲಿ ಆಗಾಕ ಹತ್ತೇತಿ!”

ಬಂದೆ. ಇಷ್ಟು ಬರೆದು ಏಳುತ್ತೇನೆ. ಆ ಹತ್ತಿದ ತಳದ ರುಚಿ, ಅದು ನನಗೆ ಬೇಕು.